ಬಾಲದ ಬುಡದ ಚೀಲ

ನಾಲ್ಕು ವಾರದ ಬ್ರಾಯ್ಲರ್ ಮರಿಗಳು. ನಿನ್ನೆ ಮೇವಿನ ತಟ್ಟೆಗೆ ಮುಗಿಬೀಳುತ್ತಿದ್ದವುಗಳಲ್ಲಿ ಕೆಲವು ಇವತ್ತು ಗರಿ ಕೆದರಿಕೊಂಡು ಮುದುಡಿವೆ, ಕೆಲವು ಸತ್ತಿವೆ. ಸಾವು ಮೂರು-ನಾಲ್ಕು ದಿನ ಏರುತ್ತದೆ, ಐದನೆಯ ದಿನದ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಕೊಯ್ದು ನೋಡಿದರೆ ಲಿವರ್ ಊದಿ ಹಳದಿಗೆ ತಿರುಗಿದೆ, ಹಿಡಿದರೆ ಹರಿಯುವಷ್ಟು ಮೆತ್ತಗಾಗಿದೆ, ಮೇಲೆಲ್ಲ ರಕ್ತದ ಚುಕ್ಕೆಗಳು. ಸೂಕ್ಷ್ಮದರ್ಶಕದಡಿ ಆ ಜೀವಕೋಶಗಳ ನ್ಯೂಕ್ಲಿಯಸ್ಸಿನೊಳಗೆ ಕಡುಬಣ್ಣದ ಮುದ್ದೆಗಳು. ಅಡಿನೊ ವೈರಸ್ಸಿನ ಗುರುತು ಅದು. 1963ರಲ್ಲಿ ಅಮೆರಿಕದಲ್ಲಿ ಮೊದಲು ವರದಿಯಾದ ಈ ಕಾಯಿಲೆಗೆ 'ಇನ್‌ಕ್ಲೂಷನ್ ಬಾಡಿ ಹೆಪಟೈಟಿಸ್' ಎಂಬ ಹೆಸರು ಬಂದದ್ದು ಈ ಮುದ್ದೆಗಳಿಂದಲೇ.

ಆದರೆ ಅಡಿನೊ ವೈರಸ್ ಗಟ್ಟಿಮುಟ್ಟಾದ ಕೋಳಿಗಳಲ್ಲೂ ಸಿಗುತ್ತದೆ. ತಾಯಿಕೋಳಿಯಿಂದ ಮೊಟ್ಟೆಯೊಳಗೇ ಬಂದು ಸುಮ್ಮನೆ ಕೂತಿರುವುದೂ ಉಂಟು. ಹಾಗಿರುವಾಗ ಈ ಶೆಡ್ಡಿನಲ್ಲೇ ಯಾಕೆ ಹೀಗೆ ಕೆರಳಿತು?

ಮರಿಯ ಬಾಲದ ಬುಡದಲ್ಲಿ, ಗುದದ ಮೇಲುಗಡೆ, ಒಂದು ಪುಟ್ಟ ಚೀಲವಿದೆ: ಬರ್ಸಾ. ಅದನ್ನು ವಿವರಿಸಿದ ಪಡುವಾ ನಗರದ ಅಂಗರಚನಾ ವಿಜ್ಞಾನಿ ಫ್ಯಾಬ್ರಿಷಿಯಸ್, ವೀರ್ಯ ಕೂಡಿಡುವ ಜಾಗವೆಂದು ಊಹಿಸಿದ್ದ. ಅದರ ನಿಜವಾದ ಕೆಲಸ ಗೊತ್ತಾದದ್ದು ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ, ಅದೂ ಆಕಸ್ಮಿಕವಾಗಿ. ಓಹಾಯೊದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಬರ್ಸಾ ತೆಗೆದುಹಾಕಿದ್ದ ಕೋಳಿಗಳನ್ನು ಸಹಪಾಠಿಯೊಬ್ಬ ತರಗತಿಯ ಪ್ರಯೋಗಕ್ಕೆಂದು ಎರವಲು ಪಡೆದ. ಸಾಲ್ಮೊನೆಲ್ಲಾ ಚುಚ್ಚಿದರೂ ಅವುಗಳ ರಕ್ತದಲ್ಲಿ ಪ್ರತಿಕಾಯ ಹುಟ್ಟಲಿಲ್ಲ. 1956ರಲ್ಲಿ ಈ ಸಂಗತಿ ಅಚ್ಚಾದದ್ದು ಒಂದು ಕೋಳಿ ಸಾಕಣೆಯ ಪತ್ರಿಕೆಯಲ್ಲಿ. ಇಂದು ಡಾಕ್ಟರು ಮನುಷ್ಯರ ರಕ್ತದ ವಿಷಯದಲ್ಲಿ ಹೇಳುವ, ಪ್ರತಿಕಾಯ ತಯಾರಿಸುವ 'ಬಿ' ಕೋಶದ 'ಬಿ' ಬಂದದ್ದೂ ಕೋಳಿಯ ಈ ಬರ್ಸಾದಿಂದಲೇ!

ಕೋಳಿಮರಿಗಳ ಗುಂಬೊರೊ ಕಾಯಿಲೆಯ ವೈರಸ್ ಕೈಯಿಡುವುದು ನೇರ ಈ ಚೀಲಕ್ಕೇ. ಮೂರು ವಾರ ದಾಟಿದ ಮರಿಗೆ ತಗುಲಿದರೆ ಬೇನೆ ಎದ್ದುಕಾಣುತ್ತದೆ, ಸಾವೂ ಆಗುತ್ತದೆ. ತಾಯಿಯಿಂದ ಬಂದ ರಕ್ಷಣೆ ಸಾಲದ ಎಳೆಯ ಮರಿಗೆ ತಗುಲಿದರೆ ಹೊರಗೆ ಏನೂ ಕಾಣುವುದಿಲ್ಲ. ನನ್ನ ಮಟ್ಟಿಗೆ ಹೆಚ್ಚು ಭಯದ್ದು ಇದೇ. ಮರಿ ಮೇಯುತ್ತದೆ, ಓಡಾಡುತ್ತದೆ, ಒಳಗೆ ಬರ್ಸಾ ಕರಗಿಹೋಗಿರುತ್ತದೆ. ಕೋಳಿ ಅನೀಮಿಯಾ ವೈರಸ್ ಇನ್ನೊಂದು ದಿಕ್ಕಿನಿಂದ ಬರುತ್ತದೆ: ಮೂಳೆಮಜ್ಜೆ ಮತ್ತು ಕತ್ತಿನ ಥೈಮಸ್ ಗ್ರಂಥಿಯನ್ನು ಸವೆಸಿ, ಸೋಂಕಿತ ಕೋಶಗಳನ್ನು ಕೊಲ್ಲುವ 'ಟಿ' ಕೋಶಗಳ ದಂಡನ್ನೇ ಬಡವಾಗಿಸುತ್ತದೆ. ಬೂಸ್ಟು ಹಿಡಿದ ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ರೋಗನಿರೋಧಕ ಶಕ್ತಿಯನ್ನೂ ಲಿವರನ್ನೂ ಒಟ್ಟಿಗೇ ಕೆಡಿಸುತ್ತದೆ. ಕಾವಲು ಹೀಗೆ ತಪ್ಪಿದ ಮೇಲೆ, ತೆಪ್ಪಗಿದ್ದ ಅಡಿನೊ ವೈರಸ್ಸಿಗೆ ಲಿವರಿನಲ್ಲಿ ಅಡ್ಡಿಯೇ ಇಲ್ಲ. 1970ರ ದಶಕದ ಪ್ರಯೋಗಗಳಲ್ಲಿ ಮೊದಲು ಗುಂಬೊರೊ, ಆಮೇಲೆ ಅಡಿನೊ ತಗುಲಿಸಿದ ಮರಿಗಳ ಲಿವರ್ ಹೆಚ್ಚು ಹಾಳಾದದ್ದು ಕಂಡುಬಂತು.

ಹಾಗೆಂದು ಎಲ್ಲ ತಪ್ಪನ್ನೂ ಗುಂಬೊರೊ ತಲೆಗೆ ಕಟ್ಟುವಂತಿಲ್ಲ. ಕೆಲವು ಅಡಿನೊ ತಳಿಗಳಿಗೆ ಯಾರ ಸಹಾಯವೂ ಬೇಡ. 1987ರಲ್ಲಿ ಕರಾಚಿ ಬಳಿಯ ಅಂಗಾರ ಗೋಠ್‌ನಲ್ಲಿ ಎದ್ದ ರೋಗ ಅಂಥದ್ದು. ಹೃದಯದ ಸುತ್ತಿನ ಚೀಲದಲ್ಲಿ ತಿಳಿನೀರು ತುಂಬಿ, ಹೃದಯ ಸಿಪ್ಪೆ ಸುಲಿದ ಲಿಚಿ ಹಣ್ಣಿನಂತೆ ತೇಲುತ್ತಿತ್ತು. ನಮ್ಮ ದೇಶಕ್ಕೆ ಬಂದಾಗ ಅದನ್ನು ಲಿಚಿ ರೋಗವೆಂದೇ ಕರೆದರು.

ಆದ್ದರಿಂದ ಬಲ್ಲ ಪಶುವೈದ್ಯರ ಚಾಕು ಲಿವರಿಗೆ ನಿಲ್ಲುವುದಿಲ್ಲ. ಮರಿಯನ್ನು ಮಗುಚಿ ಬಾಲದ ಕಡೆಯೂ ಕೊಯ್ದು ನೋಡುತ್ತಾರೆ. ಅಲ್ಲಿ ದುಂಡಗೆ ನೆಲ್ಲಿಕಾಯಿಯಂತಿರಬೇಕಾದ ಚೀಲ ಬಟಾಣಿಯಷ್ಟಾಗಿದ್ದರೆ, ಮೊದಲ ವಾರದಲ್ಲಿ ಮರಿಗಳಿಗೆ ಏನಾಗಿತ್ತು, ತಾಯಿಕೋಳಿಗಳಿಗೆ ಯಾವ ಲಸಿಕೆ ಬಿದ್ದಿತ್ತು ಎಂದು ವಿಚಾರಿಸತೊಡಗುತ್ತಾರೆ.