ನಿಮಗಿದು ಗೊತ್ತೆ? ಮುಂಬಯಿಯ ಬೆಲ್ಲಕ್ಕೆ ಬೆಂಡೆಗಿಡದ ನಂಟು

ಸಂಕ್ರಾಂತಿ ಬಂತೆಂದರೆ ದಾದರ್‌, ಲಾಲ್‌ಬಾಗ್‌, ಠಾಣೆಯ ಮನೆಮನೆಗಳಲ್ಲಿ ಎಳ್ಳು-ಬೆಲ್ಲದ ಉಂಡೆ ಕಟ್ಟುತ್ತಾರೆ. ಮಾಟುಂಗಾದ ಉಡುಪಿ ಹೋಟೆಲುಗಳ ಸಾಂಬಾರಿಗಂತೂ ವರ್ಷವಿಡೀ ಬೆಲ್ಲ ಬೇಕೇ ಬೇಕು. ನಗರದಲ್ಲಿ ಹೆಸರು ಮಾಡಿದ ಬೆಲ್ಲ ಕೊಲ್ಹಾಪುರದ್ದು. 2014ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ನಮ್ಮ ಆಲೆಮನೆಯನ್ನು ಅಲ್ಲಿ ಗುರ್‍ಹಾಳ ಎನ್ನುತ್ತಾರೆ. ಕೆಲಸ ಮಾತ್ರ ಮಂಡ್ಯದಲ್ಲೂ ಮಹಾಲಿಂಗಪುರದಲ್ಲೂ ಹೆಚ್ಚುಕಡಿಮೆ ಒಂದೇ. ಕಡಿದ ಕಬ್ಬನ್ನು ಬೇಗ ಅರೆಯಬೇಕು, ತಡವಾದರೆ ಸಕ್ಕರೆಯ ಅಂಶ ಕುಗ್ಗುತ್ತದೆ. ಒಣಗಿದ ಕಬ್ಬಿನ ಸಿಪ್ಪೆಯೇ ಒಲೆಗೆ ಉರುವಲು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ, ಜಜ್ಜಿ ನೆನೆಸಿದ ಬೆಂಡೆಗಿಡದ ಲೋಳೆ ಸುರಿಯುತ್ತಾರೆ. ಕಲ್ಮಶವೆಲ್ಲ ಅದಕ್ಕೆ ಅಂಟಿಕೊಂಡು ನೊರೆಯಾಗಿ ತೇಲುತ್ತದೆ, ಜರಡಿ ಸೌಟಿನಿಂದ ತೆಗೆದರಾಯಿತು. ಎಂಥ ಜಾಣ ಉಪಾಯ!

ಪಾಕ ಸುಮಾರು 105 ಡಿಗ್ರಿ ಸೆಲ್ಸಿಯಸ್‌ ದಾಟುವಾಗ ಇಳಿಸಿದರೆ ಉತ್ತರ ಕನ್ನಡದವರು ದೋಸೆಗೆ ಹಚ್ಚಿಕೊಳ್ಳುವ ಜೋನಿಬೆಲ್ಲ. ಮರಾಠಿಗರಿಗೆ ಅದೇ ಕಾಕವಿ. 118ರ ಸುಮಾರಿಗೆ ಇಳಿಸಿ ಅಚ್ಚಿಗೆ ಸುರಿದರೆ ಗಟ್ಟಿಬೆಲ್ಲ. ಒಂದು ಟನ್‌ ಕಬ್ಬಿಗೆ ಸಿಗುವುದು ಸುಮಾರು 100 ಕಿಲೋ ಮಾತ್ರ.

ಹೊಳೆಯುವ ಹಳದಿಯೇ ಶುದ್ಧತೆಯ ಗುರುತಲ್ಲ. ಬಣ್ಣ ತಿಳಿಯಾಗಲೆಂದು ಕೆಲವೆಡೆ ಗಂಧಕಯುಕ್ತ ರಾಸಾಯನಿಕ ಬೆರೆಸುವುದುಂಟು. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್‌ ಕಿಲೋಗೆ 70 ಮಿಲಿಗ್ರಾಂ ಮೀರುವಂತಿಲ್ಲ ಎಂಬುದು ಆಹಾರ ಸುರಕ್ಷತಾ ನಿಯಮ. ಅಂಗಡಿಯಲ್ಲಿ ಕಂದು ಬೆಲ್ಲ ಕಂಡರೆ ಬಣ್ಣ ನೋಡಿ ಬಿಟ್ಟುಬರಬೇಡಿ.