ವೀಡಿಯೋ ಆಟಗಳಲ್ಲಿ ಧರ್ಮಸಂಕಟ

ಕಳೆದ ದೀಪಾವಳಿಯಲ್ಲಿ ನಾವು ತಂಗಿಯ ಮನೆಗೆ ಹೋಗಿದ್ದಾಗ, ಕಾಲೇಜಿನಲ್ಲಿ ಓದುತ್ತಿರುವ ಅವಳ ಮಗನು ವೀಡಿಯೋ ಆಟದ ಕಂಟ್ರೋಲರನ್ನು ನಮ್ಮ ಕೈಗಿತ್ತು, "ನೀವೇ ಆಡಿ ನೋಡಿ, ಮಾವ" ಎಂದನು. ಇಂತಹ ಆಟಗಳೆಂದರೆ ಬರಿಯ ಹೊಡೆದಾಟ, ಕಾಲಹರಣ ಎಂಬ ಭಾವನೆ ನಮ್ಮಲ್ಲಿ ಬಲವಾಗಿತ್ತು. ವಾಚಕರಲ್ಲಿ ಅನೇಕರ ಭಾವನೆಯೂ ಇದೇ ಆಗಿದ್ದರೆ ಆಶ್ಚರ್ಯವಿಲ್ಲ. ಆದರೆ ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೆ, ಇಬ್ಬರು ಮನುಷ್ಯರಲ್ಲಿ ಒಬ್ಬರನ್ನು ಮಾತ್ರ ಉಳಿಸತಕ್ಕ ಸಂಕಟದಲ್ಲಿ ನಾವು ಸಿಕ್ಕಿಕೊಂಡಿದ್ದೆವು.

ಆಟದ ಹೆಸರು 'ದಿ ವಾಕಿಂಗ್ ಡೆಡ್'. ಅಮೆರಿಕೆಯ ಟೆಲ್‌ಟೇಲ್ ಸಂಸ್ಥೆಯವರು 2012ರಲ್ಲಿ ಐದು ಭಾಗಗಳಾಗಿ ಹೊರತಂದದ್ದು. ಸತ್ತವರು ಎದ್ದು ಬದುಕಿದ್ದವರನ್ನು ತಿನ್ನತೊಡಗಿದ ಲೋಕದಲ್ಲಿ, ಕೊಲೆಯ ಅಪರಾಧಕ್ಕಾಗಿ ಸೆರೆಮನೆಗೆ ಹೊರಟಿದ್ದ ಲೀ ಎಂಬ ಅಧ್ಯಾಪಕನು ಕ್ಲೆಮೆಂಟೈನ್ ಎಂಬ ಎಂಟು ವರ್ಷದ ಹುಡುಗಿಯನ್ನು ಕಾಪಾಡುವ ಕಥೆ. (ಚಿಕ್ಕ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ, ಅಮೆರಿಕೆಯ ವರ್ಗೀಕರಣದಂತೆ ಇದು 17 ವರ್ಷ ತುಂಬಿದವರಿಗೆ.) ಎದುರಿನವರು ಏನಾದರೂ ಕೇಳಿದಾಗ ತೆರೆಯ ಮೇಲೆ ಕೆಲವು ಉತ್ತರಗಳು ಮೂಡುತ್ತವೆ, ಜೊತೆಗೆ ಸವೆಯುತ್ತ ಹೋಗುವ ಒಂದು ಗೆರೆ. ಅದು ಮುಗಿಯುವುದರೊಳಗೆ ಗುಂಡಿಯೊತ್ತಿ ಉತ್ತರವನ್ನು ಆರಿಸಬೇಕು. ಒತ್ತದಿದ್ದರೆ ಲೀ ಸುಮ್ಮನಿದ್ದನೆಂದೇ ಅರ್ಥ. ಕಥೆ ಮುಂದೆ ಸಾಗುತ್ತದೆ.

ಮೆಕಾನ್ ಎಂಬ ಊರಿನ ಔಷಧದಂಗಡಿಗೆ ಹೆಣಗಳು ನುಗ್ಗಿದವು. ಒಂದು ಕಡೆ ಡಗ್ ಎಂಬವನನ್ನು ಕಿಟಕಿಯ ಸಂದಿನಿಂದ ಹಿಡಿದೆಳೆಯುತ್ತಿವೆ. ಇನ್ನೊಂದು ಕಡೆ ಕಾರ್ಲಿ ಎಂಬ ವರದಿಗಾರ್ತಿಯ ಕಾಲನ್ನು ಹಿಡಿದಿವೆ. ನಾವು ಕಾರ್ಲಿಯ ಕಡೆಗೆ ಒತ್ತಿದೆವು. ಡಗ್ ಹೋದನು. "ಅವಳೇ ಏಕೆ, ಮಾವ?" ಎಂದು ಹುಡುಗನು ಕೇಳಿದನು. ಅವಳಿಗೆ ಪಿಸ್ತೂಲು ಹೊಡೆಯಲು ಬರುತ್ತದೆ, ಮುಂದೆ ಉಪಯೋಗವಾದಾಳು ಎಂದೆವು. ಮಾತು ಬಾಯಿಂದ ಹೊರಟಮೇಲೆ ನಾಚಿಕೆಯಾಯಿತು. ನಾವು ಒತ್ತಿದ್ದು ಮೊದಲು. ಕಾರಣವನ್ನು ಹುಡುಕಿ ತಂದದ್ದು ಆಮೇಲೆ.

ಇಷ್ಟರಲ್ಲೇ ಗುಂಡಿಯೊತ್ತಬೇಕೆಂಬ ನಿಯಮ ಹೊಸದಲ್ಲ. 1983ರಲ್ಲಿ ಡಾನ್ ಬ್ಲೂತ್ ಎಂಬ ಚಿತ್ರಕಾರನ ವ್ಯಂಗ್ಯಚಿತ್ರಗಳನ್ನು ಲೇಸರ್ ತಟ್ಟೆಯಿಂದ ತೋರಿಸುತ್ತಿದ್ದ 'ಡ್ರ್ಯಾಗನ್ಸ್ ಲೇರ್' ಎಂಬ ಆಟದಲ್ಲಿ, ವೀರನು ಸರಿಯಾದ ಕ್ಷಣದಲ್ಲಿ ನೆಗೆಯದಿದ್ದರೆ, ಕತ್ತಿ ಬೀಸದಿದ್ದರೆ ಸಾಯುತ್ತಿದ್ದನು. 1999ರಲ್ಲಿ ಜಪಾನಿನ ಯೂ ಸುಜುಕಿಯವರ 'ಶೆನ್ಮೂ' ಇದಕ್ಕೆ 'ಕ್ವಿಕ್ ಟೈಮ್ ಈವೆಂಟ್' ಎಂಬ ಹೆಸರನ್ನು ರೂಢಿಗೆ ತಂದಿತು. ಅಲ್ಲಿ ತಪ್ಪಿದರೆ ತಪ್ಪು ಕೈಯದು, ಮನಸ್ಸಿನದಲ್ಲ. ಬುಗುರಿ ಆಡುವವನ ಕೈ ತಪ್ಪಿದಂತೆ. ಧರ್ಮಾಧರ್ಮಗಳ ವಿಷಯಕ್ಕೆ ಇದೇ ಗುಂಡಿಯನ್ನು ಜೋಡಿಸಿದಾಗ ಮಾತು ಬೇರೆಯಾಗುತ್ತದೆ. ಫ್ರಾನ್ಸಿನಲ್ಲಿ ತಯಾರಾದ 'ಹೆವಿ ರೇನ್' (2010) ಎಂಬ ಆಟದಲ್ಲಿ, ಕಳೆದುಹೋದ ಮಗನ ಸುಳಿವಿಗಾಗಿ ತಂದೆಯೊಬ್ಬನು ಐದು ನಿಮಿಷಗಳೊಳಗೆ ತನ್ನ ಬೆರಳಿನ ತುದಿಯನ್ನು ತಾನೇ ಕತ್ತರಿಸಿಕೊಳ್ಳಬೇಕು, ಇಲ್ಲವೇ ಎದ್ದು ಹೋಗಬೇಕು. ಆಯುಧವನ್ನು ಹುಡುಕುವುದೂ ಆಡುವವನ ಕೆಲಸವೇ. ಆ ಐದು ನಿಮಿಷಗಳು ಒಬ್ಬ ತಂದೆಯ ಪಾಲಿಗೆ ಬಹಳ ದೀರ್ಘವಾದವು. ನಮ್ಮ ತಂಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದವಳು, "ಸಾಕು, ಮುಚ್ಚಿಡಿ" ಎಂದು ಒಳಗೆ ಹೋದಳು.

ನಮ್ಮನ್ನು ಹೆಚ್ಚು ಕಾಡಿದ್ದು ರಕ್ತವಿಲ್ಲದ ಒಂದು ಸಂದರ್ಭ. 2010ರ 'ಮಾಸ್ ಎಫೆಕ್ಟ್ 2' ಎಂಬ ಆಟದಲ್ಲಿ ತಾಲಿ ಎಂಬ ಒಡನಾಡಿ ತಂದೆಯ ಶವವನ್ನು ಕಂಡು ಕುಸಿಯುತ್ತಾಳೆ. ಆಗ ತೆರೆಯ ಅಂಚಿನಲ್ಲಿ ನೀಲಿ ಗುರುತೊಂದು ಮಿನುಗುತ್ತದೆ. ಅಷ್ಟರಲ್ಲಿ ಎಡಗಡೆಯ ಗುಂಡಿಯನ್ನೊತ್ತಿದರೆ ನಾಯಕನು ಅವಳನ್ನು ತಬ್ಬಿ ಸಂತೈಸುತ್ತಾನೆ. ನಾವು ಗುಂಡಿಯನ್ನು ಹುಡುಕುವಷ್ಟರಲ್ಲಿ ಗುರುತು ಮಾಯವಾಯಿತು. ಇದು ಅನ್ಯಾಯವೆಂದು ನಾವು ಹುಡುಗನೊಡನೆ ಜಗಳಕ್ಕೆ ನಿಂತೆವು: ವಯಸ್ಸಾದವರ ಬೆರಳು ಮಂದ, ಮನಸ್ಸೂ ಹಾಗೆಂದು ಎಣಿಸಬಹುದೇ? ಆಟ ಮಾಡಿದವರು ಚುರುಕನ್ನು ದಯೆಯೊಡನೆ ಬೆರಸಿದ್ದಾರೆಂದು ವಾದಿಸಿದೆವು. ಆ ವಾದದಲ್ಲಿ ಹುರುಳಿದೆಯೆಂದು ಈಗಲೂ ನಂಬುತ್ತೇವೆ.

ಆದರೆ ರಾತ್ರಿ ಮಲಗಿದಾಗ ಬೇರೊಂದು ನೆನಪಾಯಿತು. ಹಲವು ವರ್ಷಗಳ ಹಿಂದೆ ನಾವಿದ್ದ ಬಸ್ಸಿನಿಂದ ಚಿಲ್ಲರೆಯಿಲ್ಲವೆಂದು ಮುದುಕಿಯೊಬ್ಬಳನ್ನು ನಡುದಾರಿಯಲ್ಲಿ ಇಳಿಸಿದರು. ಚಿಲ್ಲರೆ ನಮ್ಮ ಜೇಬಿನಲ್ಲಿತ್ತು. ಏಳೋಣವೇ, ಅವಳು ಏನೆಂದುಕೊಂಡಾಳು ಎಂದು ಯೋಚಿಸುವಷ್ಟರಲ್ಲಿ ಬಸ್ಸು ಹೊರಟಿತ್ತು. ನಾವು ನಿರ್ದಯರಾಗಿರಲಿಲ್ಲ, ನಿಧಾನಿಗಳಾಗಿದ್ದೆವು. ರಸ್ತೆಯಲ್ಲಿ ನಿಂತ ಆ ಮುದುಕಿಗೆ ಈ ಭೇದ ಹೇಗೆ ತಿಳಿಯಬೇಕು?

ಗುಂಡಿಯ ಆಟವೆಲ್ಲ ಹೀಗೆ ಮನಸ್ಸಿಗೆ ನಾಟುತ್ತದೆಂದು ಹೇಳಲಾರೆವು. 2014ರ ಒಂದು ಯುದ್ಧದ ಆಟದಲ್ಲಿ ಮಡಿದ ಸೈನಿಕನ ಪೆಟ್ಟಿಗೆಯ ಮುಂದೆ, ನಮನ ಸಲ್ಲಿಸಲು ಗುಂಡಿಯೊತ್ತಿರಿ ಎಂಬ ಸೂಚನೆ ಬರುತ್ತದೆ. ಆರಿಸಲು ಬೇರೇನೂ ಇಲ್ಲ. ಕಂಪ್ಯೂಟರಿನಲ್ಲಿ ಆ ಗುಂಡಿ 'ಎಫ್' ಅಕ್ಷರ. ಜನರು ನಕ್ಕರು, ಇಂದಿಗೂ ಹುಡುಗರು ತಮಾಷೆಯ ಸಂತಾಪಕ್ಕೆ ಆ ಒಂದೇ ಅಕ್ಷರವನ್ನು ಬರೆಯುತ್ತಾರೆ. ಇದಕ್ಕೆ ವಿರುದ್ಧವಾಗಿ, ಗಡಿಯಾರವನ್ನೇ ಇಡದೆ ಪರೀಕ್ಷಿಸುವವರೂ ಉಂಟು. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬವರು ನಮ್ಮ 'ಅವತಾರ' ಶಬ್ದವನ್ನೇ ತೆಗೆದುಕೊಂಡು, ಎಂಟು ಸದ್ಗುಣಗಳನ್ನು ಸಾಧಿಸತಕ್ಕ 'ಅಲ್ಟಿಮಾ 4' ಎಂಬ ಆಟವನ್ನು ರಚಿಸಿದರು. ಅಲ್ಲಿ ಕುರುಡಿಯಾದ ಅಂಗಡಿಯವಳಿಗೆ ಎಷ್ಟು ಹಣ ಎಣಿಸಿದರೂ ಅವಳು ಕೇಳುವುದಿಲ್ಲ. ಆಟ ಮಾತ್ರ ಲೆಕ್ಕವಿಡುತ್ತದೆ. ಅವಸರವಿಲ್ಲದ ಕಡೆ ಮೋಸ ಮಾಡಿದವನಿಗೆ ಬೆರಳಿನ ನೆಪವೂ ಇಲ್ಲ.

ಮರುದಿನ ಹುಡುಗನು ಮೊದಲ ಆಟವನ್ನು ತಾನೇ ಹಿಡಿದು ಕುಳಿತನು. ಕ್ಲೆಮೆಂಟೈನ್ ತನ್ನ ತಂದೆತಾಯಿಗಳ ಮಾತೆತ್ತಿದಳು. ಉತ್ತರಗಳು ಮೂಡಿದವು, ಗೆರೆ ಸವೆಯತೊಡಗಿತು. ಅವನು ಕಂಟ್ರೋಲರನ್ನು ಮಡಿಲಿಗಿಳಿಸಿ ಗೆರೆ ಮುಗಿಯುವವರೆಗೆ ಸುಮ್ಮನೆ ನೋಡಿದನು. ಕೈ ತಪ್ಪಿತೇ ಎಂದು ಕೇಳಿದೆವು.

"ಇಲ್ಲ, ಮಾವ. ಅದರಲ್ಲಿ ಯಾವುದನ್ನು ಹೇಳಿದರೂ ಅವಳಿಗೆ ಸುಳ್ಳು ಹೇಳಿದಂತಾಗುತ್ತಿತ್ತು" ಎಂದನು.