ಗಾಜಿನಡಿಯ ಗುಡುಗು: ಮನೆಗೆ ಬಂದ ಪಿನ್‌ಬಾಲ್!

ಊಹಿಸಿ ನೋಡೋಣ! ನಾಲ್ಕು ಕಾಲಿನ ಮೇಲೆ ನಿಂತ ಒಂದು ಮರದ ಪೆಟ್ಟಿಗೆ. ಮೇಲೊಂದು ಗಾಜು. ಓಡಾಡಲು ಒಂದು ಉಕ್ಕಿನ ಚೆಂಡು. ಎಡಕ್ಕೊಂದು ಬಟನ್, ಬಲಕ್ಕೊಂದು ಬಟನ್.

ಇಷ್ಟನ್ನು ನಡೆಸಲು ಪೆಟ್ಟಿಗೆಯೊಳಗೆ ಎಷ್ಟು ಉದ್ದದ ತಂತಿ ಬೇಕಾದೀತು?

ಹತ್ತು ಮೀಟರ್? ಐವತ್ತು? ಕೈ ಬಿಚ್ಚಿ ನೂರು ಅಂತೀರಾ?

ಸಾಲದು! ಇನ್ನೂ ಮೇಲೆ ಹೋಗಿ!

ಸುಮಾರು 800 ಮೀಟರ್! ಅರ್ಧ ಮೈಲಿ ತಂತಿ! ಜೊತೆಗೆ ಸುಮಾರು 3,500 ಬಿಡಿಭಾಗ! ಎಲ್ಲವೂ ಆ ಒಂದೇ ಪೆಟ್ಟಿಗೆಯಲ್ಲಿ!

ಇದು ಪಿನ್‌ಬಾಲ್ ಯಂತ್ರ. ತೂಕ ನೂರು ಕಿಲೋ ದಾಟುತ್ತದೆ. ಹೊಸದು ಬೇಕೆಂದರೆ ಬೆಲೆ ಆರೇಳು ಸಾವಿರ ಡಾಲರ್‌ನಿಂದ ಶುರು. ಆದರೂ ಅಮೆರಿಕದಲ್ಲಿ, ಯುರೋಪಿನಲ್ಲಿ ಜನ ಇದನ್ನು ಮನೆಗೆ ಹೊತ್ತು ತರುತ್ತಾರೆ. ಒಂದು ಬಂದ ಮೇಲೆ ಇನ್ನೊಂದು. ಆಮೇಲೆ ಮತ್ತೊಂದು! ನೆಲಮಾಳಿಗೆ ತುಂಬುತ್ತದೆ, ಗ್ಯಾರೇಜ್ ತುಂಬುತ್ತದೆ, ಕಾರು ಬೀದಿಗೆ ಬೀಳುತ್ತದೆ!

ಏನಿದೆ ಅಂಥದ್ದು ಇದರಲ್ಲಿ? ಬನ್ನಿ, ಗಾಜು ಸರಿಸೋಣ!

ಮುಂಭಾಗದ ನಾಣ್ಯದ ಬಾಗಿಲಿಗೆ ಬೀಗದ ಕೈ ಹಾಕಿ. ಒಳಗಿನ ಸನ್ನೆ ಎಳೆಯಿರಿ. ಲೋಹದ ಪಟ್ಟಿ ಕಳಚಿತು. ಗಾಜನ್ನು ಮೆಲ್ಲಗೆ ನಿಮ್ಮತ್ತ ಜಾರಿಸಿ. ಈಗ ಬಣ್ಣಬಣ್ಣದ ಆಟದ ಹಲಗೆಯನ್ನು ಎರಡೂ ಕೈಯಿಂದ ಎತ್ತಿ, ಒರಗಿಸಿ ನಿಲ್ಲಿಸಿ.

ಅಬ್ಬಾ!

ಹಲಗೆಯ ಅಡಿಯಲ್ಲಿ ತಂತಿಗಳ ಕಾಡು! ಕೆಂಪು, ಹಳದಿ, ನೀಲಿ ಪಟ್ಟೆಯ ತಂತಿಗಳು ಜಡೆ ಹೆಣೆದು ಹಬ್ಬಿವೆ. ತಾಮ್ರ ಸುತ್ತಿದ ಕಾಯಿಲ್‌ಗಳು, ಸಣ್ಣ ಸಣ್ಣ ಸ್ವಿಚ್‌ಗಳು, ಸಾಲು ಸಾಲು ದೀಪಗಳು. ಮೇಲೆ ಚೆಂಡು ಗುರಿಯೊಂದಕ್ಕೆ ತಾಗಿದರೆ ಸಾಕು, ಇಲ್ಲಿ ಒಂದು ಸ್ವಿಚ್ಚಿಗೆ ಗೊತ್ತಾಗುತ್ತದೆ!

ಫ್ಲಿಪ್ಪರ್ ನೋಡಿ. ಚೆಂಡನ್ನು ಬಾರಿಸುವ ಆ ಪುಟ್ಟ ದಾಂಡು. ಹಳೆಯ ಯಂತ್ರದಲ್ಲಿ ಅದರ ಕಾಯಿಲ್‌ಗೆ ಒಂದಲ್ಲ, ಎರಡು ಸುತ್ತು ತಂತಿ! ಬಟನ್ ಒತ್ತಿದಿರಾ? ದಪ್ಪ ತಂತಿಯಲ್ಲಿ ಭಾರೀ ವಿದ್ಯುತ್ ನುಗ್ಗುತ್ತದೆ. ಫಟ್! ದಾಂಡು ಎದ್ದಿತು. ಎದ್ದ ಮರುಕ್ಷಣವೇ ತುದಿಯ ಸ್ವಿಚ್ ತೆರೆದುಕೊಳ್ಳುತ್ತದೆ. ವಿದ್ಯುತ್ತೀಗ ತೆಳು ತಂತಿಯನ್ನೂ ಹಾದು ಹೋಗಬೇಕು, ಅದರ ಜೋರು ಇಳಿಯುತ್ತದೆ. ದಾಂಡನ್ನು ಎತ್ತಿ ಹಿಡಿಯಲು ಅಷ್ಟೇ ಸಾಕು.

ಆ ಸ್ವಿಚ್ ತೆರೆಯದಿದ್ದರೆ? ಬಟನ್ ಒತ್ತಿ ಹಿಡಿದಷ್ಟು ಹೊತ್ತು ಕಾಯಿಲ್ ಕಾಯುತ್ತದೆ. ಕೊನೆಗೆ ಸುಟ್ಟೇ ಹೋಗುತ್ತದೆ! ಒಂದು ಪುಟ್ಟ ಸ್ವಿಚ್‌ನ ಮೇಲೆ ಇಡೀ ಆಟ ನಿಂತಿದೆ!

ಈಗ ಇನ್ನೊಂದು ಪ್ರಶ್ನೆ. ಯಂತ್ರವನ್ನು ಅಲುಗಾಡಿಸಬಹುದೇ?

ಧಾರಾಳವಾಗಿ! ನುರಿತವರು ಸೊಂಟ ತಾಗಿಸಿ ಪೆಟ್ಟಿಗೆಯನ್ನು ನವಿರಾಗಿ ತಳ್ಳಿ ಚೆಂಡಿನ ದಾರಿ ತಪ್ಪಿಸುತ್ತಾರೆ. ಅದೂ ಆಟದ ಭಾಗವೇ. ಆದರೆ ಒಳಗೊಬ್ಬ ಕಾವಲುಗಾರ ಇದ್ದಾನೆ. ಲೋಹದ ಬಳೆಯ ನಡುವೆ ನೇತಾಡುವ ಒಂದು ತೂಗುಗುಂಡು. ತಳ್ಳಾಟ ಜೋರಾಗಿ ಅದು ಬಳೆಗೆ ತಾಗಿತೋ, ಟಿಲ್ಟ್! ಫ್ಲಿಪ್ಪರ್ ಸತ್ತವು. ಚೆಂಡು ನಿಮ್ಮ ಕಣ್ಣೆದುರೇ ಜಾರಿ ಹೋಯಿತು!

ಇದೆಲ್ಲ ದೂರದ ಸಂಗತಿ ಅನಿಸಿತೇ? ಇಲ್ಲ! ನೀವೂ ಆಡಿದ್ದೀರಿ. ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿದ್ದ ಸ್ಪೇಸ್ ಕೆಡೆಟ್ ನೆನಪಿದೆಯಾ? ಅದು ಪಿನ್‌ಬಾಲ್! ಮೊಳೆ ಹೊಡೆದ ಹಲಗೆಯಲ್ಲಿ ಸ್ಪ್ರಿಂಗ್ ಎಳೆದು ಗೋಲಿ ಹಾರಿಸುವ ಬಗಟೆಲ್ ಬೋರ್ಡ್? ಅದು ಪಿನ್‌ಬಾಲಿನ ಹಿರಿಯಜ್ಜ! ಆ ಸ್ಪ್ರಿಂಗ್ ಸಾಧನಕ್ಕೆ ಅಮೆರಿಕದ ಸಿನ್ಸಿನಾಟಿಯಲ್ಲಿದ್ದ ಮಾಂಟೇಗ್ ರೆಡ್‌ಗ್ರೇವ್ ಪೇಟೆಂಟ್ ಪಡೆದದ್ದು 1871ರಲ್ಲಿ!

1931ರಲ್ಲಿ ಷಿಕಾಗೋದ ಡೇವಿಡ್ ಗಾಟ್‌ಲೀಬ್ 'ಬ್ಯಾಫಲ್ ಬಾಲ್' ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟ. ಬೆಲೆ ಹದಿನೇಳೂವರೆ ಡಾಲರ್. ಕೆಲಸವಿಲ್ಲ, ಕಾಸಿಲ್ಲ ಎಂಬ ಮಹಾ ಆರ್ಥಿಕ ಕುಸಿತದ ಕಾಲ ಅದು. ಎಷ್ಟು ಮಾರಾಟವಾಗಿರಬಹುದು? 50,000ಕ್ಕೂ ಹೆಚ್ಚು!

ಅದರಲ್ಲಿ ಒಂದು ವಸ್ತು ಇರಲೇ ಇಲ್ಲ. ಯಾವುದು ಹೇಳಿ?

ಫ್ಲಿಪ್ಪರ್! ಹೌದು, ಫ್ಲಿಪ್ಪರೇ ಇಲ್ಲದ ಪಿನ್‌ಬಾಲ್! ಚೆಂಡು ಹಾರಿಸಿ, ದೇವರ ಮೇಲೆ ಭಾರ ಹಾಕಿ ನಿಲ್ಲಬೇಕು. ಫ್ಲಿಪ್ಪರ್ ಬಂದದ್ದು 1947ರಲ್ಲಿ, ಗಾಟ್‌ಲೀಬ್ ಕಂಪನಿಯ 'ಹಂಪ್ಟಿ ಡಂಪ್ಟಿ'ಯಲ್ಲಿ. ಬಂದದ್ದೂ ಹೇಗೆ? ಒಂದಲ್ಲ, ಎರಡಲ್ಲ, ಆರು ಫ್ಲಿಪ್ಪರ್ ಒಟ್ಟಿಗೆ!

ಅಷ್ಟರಲ್ಲಿ ಅನಾಹುತ ನಡೆದುಹೋಗಿತ್ತು. ಇದು ಜೂಜು ಎಂದು 1942ರಲ್ಲಿ ನ್ಯೂಯಾರ್ಕ್ ನಿಷೇಧಿಸಿತು. ಮೇಯರ್ ಲಾಗಾರ್ಡಿಯಾ ಕ್ಯಾಮೆರಾಗಳ ಮುಂದೆ ಸುತ್ತಿಗೆ ಹಿಡಿದು ಯಂತ್ರಗಳನ್ನು ಪುಡಿಗಟ್ಟಿದ! ಯಂತ್ರಗಳು ತಯಾರಾಗುತ್ತಿದ್ದ ಷಿಕಾಗೋದಲ್ಲೇ ಅವುಗಳನ್ನು ಆಡುವಂತಿರಲಿಲ್ಲ!

ಬಿಡಿಸಿದವರು ಯಾರು? ವಕೀಲರೇ? ಕಂಪನಿಗಳೇ? ಒಬ್ಬ ಪತ್ರಿಕಾ ಬರಹಗಾರ! ಹೆಸರು ರೋಜರ್ ಶಾರ್ಪ್. 1976ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ನಗರಸಭೆಯ ಸದಸ್ಯರೆದುರು ನಿಂತು ಆಡಿ ತೋರಿಸಿದ. ಕೊನೆಗೆ ಚೆಂಡು ಹಾರಿಸುವ ಸ್ಪ್ರಿಂಗ್ ಸನ್ನೆಗೆ, ಅಂದರೆ ಪ್ಲಂಜರಿಗೆ ಕೈ ಹಾಕಿ, "ಚೆಂಡು ನಡುವಿನ ದಾರಿಯಲ್ಲೇ ಇಳಿಯುತ್ತದೆ" ಎಂದು ಮೊದಲೇ ಸಾರಿದ. ಎಳೆದ. ಬಿಟ್ಟ.

ಚೆಂಡು ನಡುವಿನ ದಾರಿಯಲ್ಲೇ ಇಳಿಯಿತು!

34 ವರ್ಷದ ನಿಷೇಧ ಬಿದ್ದುಹೋಯಿತು!

ಆಮೇಲೆ ಬಂದ ಯಂತ್ರಗಳನ್ನು ನೋಡಬೇಕು ನೀವು! ಸಂಗ್ರಾಹಕರು ಪ್ರಾಣ ಬಿಡುವುದು ಇವಕ್ಕೇ. 1979ರ 'ಗೋರ್ಗಾರ್' ಬಾಯಿಬಿಟ್ಟು ಮಾತಾಡಿದ ಮೊದಲ ಪಿನ್‌ಬಾಲ್. ಅದಕ್ಕೆ ಬರುತ್ತಿದ್ದ ಪದಗಳೆಷ್ಟು? ಏಳೇ ಏಳು! ಅದೇ ವರ್ಷ ಅಟಾರಿ ಕಂಪನಿಯ 'ಹರ್ಕ್ಯುಲಿಸ್' ಬಂತು. ಅದರಲ್ಲಿ ಉರುಳುವುದು ಬಿಲಿಯರ್ಡ್ಸ್ ಚೆಂಡು! ಇದನ್ನೂ ಮನೆಗೆ ತಂದವರಿದ್ದಾರೆ!

1993ರ 'ಟ್ವಿಲೈಟ್ ಝೋನ್' ಇನ್ನೂ ಕಿಲಾಡಿ. ಉಕ್ಕಿನ ಚೆಂಡುಗಳ ನಡುವೆ ಒಂದು ಬಿಳಿ ಚೆಂಡು. ಅದು ಪಿಂಗಾಣಿಯದು! ಹಗುರ, ಹಾಗಾಗಿ ಮಿಂಚಿನ ಓಟ. ಹಲಗೆಯಡಿಯ ಅಯಸ್ಕಾಂತಗಳಿಗೆ ಅದು ಕ್ಯಾರೇ ಅನ್ನುವುದಿಲ್ಲ. ಸದ್ಯ ಬಂದಿರುವುದು ಯಾವ ಚೆಂಡು ಎಂದು ಯಂತ್ರವೇ ಗುರುತಿಸುತ್ತದೆ!

ಎಲ್ಲಕ್ಕಿಂತ ಮಿಗಿಲು 1992ರ 'ಆ್ಯಡಮ್ಸ್ ಫ್ಯಾಮಿಲಿ'. ಪ್ಯಾಟ್ ಲಾಲರ್ ಮತ್ತು ಲ್ಯಾರಿ ಡಿಮಾರ್ ಕಟ್ಟಿದ್ದು. ಹಲಗೆಯ ಮೂಲೆಯಲ್ಲೊಂದು ಪುಟ್ಟ ಪೆಟ್ಟಿಗೆ. ಚೆಂಡು ಅಲ್ಲಿ ಬಂದು ನಿಂತಿತು. ಮುಚ್ಚಳ ಏಳುತ್ತದೆ. ಒಳಗಿನಿಂದ ಒಂದು ಕೈ ಹೊರಬರುತ್ತದೆ! ಅದರಲ್ಲಿನ ಅಯಸ್ಕಾಂತಕ್ಕೆ ಚೆಂಡು ಅಂಟಿತು. ಕೈ ಚೆಂಡಿನೊಂದಿಗೆ ಒಳಗೆ ಸರಿಯಿತು. ಮುಚ್ಚಳ ಮುಚ್ಚಿತು! ನೂರು ಸಲ ನೋಡಿದವರೂ ನೂರೊಂದನೇ ಸಲ ನೋಡುತ್ತಾ ನಿಲ್ಲುತ್ತಾರೆ!

ಈ 'ಆ್ಯಡಮ್ಸ್ ಫ್ಯಾಮಿಲಿ' ಯಂತ್ರಗಳನ್ನು ಎಷ್ಟು ತಯಾರಿಸಿದ್ದರು? 20,270! ಎಲೆಕ್ಟ್ರಾನಿಕ್ ಚಿಪ್ ಬಂದ ಮೇಲಿನ ಕಾಲದ ದಾಖಲೆ ಅದು!

ಏಳೇ ವರ್ಷದಲ್ಲಿ ಎಲ್ಲ ಮುಗಿಯಿತು ಅನ್ನಿಸಿತು. 1999ರಲ್ಲಿ ದೈತ್ಯ ಕಂಪನಿ ವಿಲಿಯಮ್ಸ್ ಪಿನ್‌ಬಾಲನ್ನೇ ಕೈಬಿಟ್ಟಿತು. ದೊಡ್ಡ ತಯಾರಕರಲ್ಲಿ ಉಳಿದದ್ದು ಸ್ಟರ್ನ್ ಒಂದೇ. ಆಟವನ್ನು ಉಳಿಸಿದವರು ಯಾರು? ಬಾರುಗಳಿಂದ ಹೊರಬಿದ್ದ ಯಂತ್ರಗಳಿಗೆ ಮನೆಯಲ್ಲಿ ಜಾಗ ಕೊಟ್ಟವರು! ಇಂದು ಮತ್ತೆ ಹಲವು ಕಂಪನಿಗಳು ಹೊಸ ಯಂತ್ರ ಕಟ್ಟುತ್ತಿವೆ. ಅವುಗಳಲ್ಲಿ ಬಹಳಷ್ಟು ನೇರ ಮನೆಗಳಿಗೇ ಹೋಗುತ್ತವೆ!

ಮನೆಯೊಳಗೆ ತರುವುದು ಹೇಗೆ ಅಂತೀರಾ? ಕಾಲು ಬಿಚ್ಚಿ, ತಲೆ ಮಡಿಸಿ! ಬೋಲ್ಟ್ ತೆಗೆದರೆ ನಾಲ್ಕೂ ಕಾಲು ಕಳಚುತ್ತವೆ, ಅಂಕ ತೋರಿಸುವ ಮೇಲ್ಪೆಟ್ಟಿಗೆ ಮುಂದಕ್ಕೆ ಮಡಚಿಕೊಳ್ಳುತ್ತದೆ. ಇಟ್ಟ ಮೇಲೆ ಮಟ್ಟ ನೋಡಬೇಕು. ಹಲಗೆಯ ಇಳಿಜಾರು ಸುಮಾರು 6.5 ಡಿಗ್ರಿ. ತುಸು ಏರಿಸಿ, ಚೆಂಡು ಹುಚ್ಚೆದ್ದು ಓಡುತ್ತದೆ! ತುಸು ಇಳಿಸಿ, ಆಟ ತೂಕಡಿಸುತ್ತದೆ!

ಆರೈಕೆ? ಹಲಗೆಗೆ ಮೇಣ ಹಚ್ಚಿ ಉಜ್ಜುವುದು. ಸವೆದ ರಬ್ಬರ್ ಬಳೆ ಬದಲಿಸುವುದು. ಗೀರು ಬಿದ್ದ ಚೆಂಡನ್ನು ಎಸೆದು ಹೊಸದು ಹಾಕುವುದು, ಇಲ್ಲದಿದ್ದರೆ ಅದು ಹಲಗೆಯ ಬಣ್ಣವನ್ನೇ ಕೆರೆದು ತಿನ್ನುತ್ತದೆ. ಎಂಬತ್ತು, ತೊಂಬತ್ತರ ದಶಕದ ಯಂತ್ರಗಳಲ್ಲಿ ಒಬ್ಬ ಗುಪ್ತ ಶತ್ರು ಇದ್ದಾನೆ. ಯಾರು ಗೊತ್ತೇ? ಸಾಮಾನ್ಯ ಎಎ ಬ್ಯಾಟರಿ! ಅಂಕಗಳನ್ನು ನೆನಪಿಡಲು ಬೋರ್ಡಿನ ಮೇಲೆ ಕೂರಿಸಿದ್ದು. ಮರೆತು ಬಿಟ್ಟರೆ ಸೋರಿ, ತಾಮ್ರದ ಗೆರೆಗಳನ್ನೇ ತಿಂದು, ಇಡೀ ಬೋರ್ಡನ್ನು ಕೊಲ್ಲುತ್ತದೆ! ಹಳೆಯ ಯಂತ್ರ ಕೊಳ್ಳುವಾಗ ಮೊದಲು ನೋಡಬೇಕಾದ್ದು ಇದನ್ನೇ.

ಇಷ್ಟು ಪಾಡು ಯಾಕೆ? ಆ ಚೆಂಡಿಗಾಗಿ! ವ್ಯಾಸ 27 ಮಿಲಿಮೀಟರ್. ತೂಕ 80 ಗ್ರಾಂ. ನಿಜವಾದ ಉಕ್ಕು, ನಿಜವಾದ ಇಳಿಜಾರು, ನಿಜವಾದ ಪೆಟ್ಟು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಚೆಂಡು ಬೇರೆ ದಾರಿ ಹಿಡಿಯುತ್ತದೆ. ಒಂದು ಆಟ ಇನ್ನೊಂದರಂತೆ ಇರುವುದಿಲ್ಲ. ಯಾವ ಪರದೆಯೂ ಅಂಗೈಗೆ ಈ ಅದುರು ಕೊಡಲಾರದು!

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಿಮ್ಮ ಮಕ್ಕಳೋ ನೆಂಟರೋ ಇದ್ದಾರೆಯೇ? ಅಲ್ಲಿಗೆ ಹೋದಾಗ ಅಲಮೀಡಾದ ಪೆಸಿಫಿಕ್ ಪಿನ್‌ಬಾಲ್ ಮ್ಯೂಸಿಯಂಗೆ ಕರೆದೊಯ್ಯಲು ಹೇಳಿ. ಬಾಗಿಲಲ್ಲಿ ಒಮ್ಮೆ ಟಿಕೆಟ್ ಕೊಂಡರೆ ಆಯಿತು, ಆಮೇಲೆ ನಾಣ್ಯದ ಗೊಡವೆಯಿಲ್ಲ. ಹಳೆಯ ಕಾಲದ ಯಂತ್ರಗಳಿಂದ ಹಿಡಿದು ಈಚಿನವುಗಳವರೆಗೆ ಮನಸಾರೆ ಆಡಿ. ಮೊದಲ ಚೆಂಡು ಕ್ಷಣದಲ್ಲಿ ಜಾರಿ ಹೋದೀತು. ಬೇಜಾರು ಬೇಡ, ಎಲ್ಲರದೂ ಹಾಗೆಯೇ. ಪ್ಲಂಜರ್ ಮತ್ತೆ ಎಳೆಯಿರಿ!